ಹಿಂದಿನ ಡಿಸ್ಕ್ ಬ್ರೇಕ್ ಮನೆ ಅಂಗಳದಲ್ಲೇ: ಪ್ಯಾಡು, ರೋಟರು ಎರಡೂ ಬದಲಾಯಿಸುವ ಪೂರ್ತಿ ಕೆಲಸ

ಮೊದ್ಲೇ ಹೇಳಿಬಿಡ್ತೇನೆ, ಮುಂದಿನ ಬ್ರೇಕ್ ಪ್ಯಾಡ್ ಒಂದೆರಡು ಸಲ ಹಾಕಿ ಗೊತ್ತುಂಟು ಅಂತ ಅದೇ ಧೈರ್ಯದಲ್ಲಿ ಹಿಂದಿನದಕ್ಕೆ ಕೈ ಹಾಕಿದ್ರೆ ಎಡವಟ್ಟಾಗ್ತದೆ. ಪ್ಯಾಡನ್ನು ಡಿಸ್ಕಿಗೆ (ರೋಟರ್ ಅಂದ್ರೂ ಅದೇ) ಒತ್ತುವ ಪಿಸ್ಟನನ್ನು ಮುಂದಿನ ಚಕ್ರದಲ್ಲಿ ಒತ್ತಿ ಒಳಗೆ ತಳ್ಳಿದ್ರೆ ಆಯ್ತು. ಹಿಂದೆ ಹಾಗಲ್ಲ, ಹ್ಯಾಂಡ್ ಬ್ರೇಕಿನ ಸ್ಕ್ರೂ ಕೂಡ ಅದೇ ಪಿಸ್ಟನ್ ಹೊಟ್ಟೆಯೊಳಗೆ ಕೂತಿರ್ತದೆ, ಹಾಗಾಗಿ ಅದನ್ನು ತಿರುಗಿಸಿ ತಿರುಗಿಸಿಯೇ ಒಳಗೆ ಕಳಿಸ್ಬೇಕು. ಇದು ಗೊತ್ತಿಲ್ಲದೆ ಜಿ-ಕ್ಲ್ಯಾಂಪ್ ಹಾಕಿ ಬಿಗಿದು ಒಳ್ಳೆ ಕ್ಯಾಲಿಪರನ್ನು (ಪಿಸ್ಟನ್ ಇರುವ, ಡಿಸ್ಕನ್ನು ಕಚ್ಚಿ ಹಿಡಿಯುವ ಭಾಗ) ಗುಜ್ರಿಗೆ ಹಾಕಿದವರು ನನಗೆ ಗೊತ್ತಿದ್ದ ಹಾಗೆ ಇಬ್ಬರುಂಟು, ಅದರಲ್ಲಿ ಒಬ್ಬ ನಾನೇ.

ನನ್ನದು 2010ರ ಹೋಂಡಾ ಸಿವಿಕ್, ಮ್ಯಾನುವಲ್ ಗೇರು, ನಾಲ್ಕೂ ಚಕ್ರಕ್ಕೆ ಡಿಸ್ಕ್. ಮನೆ ಇರೋದು ಸುರತ್ಕಲ್ ಹತ್ತಿರ, ರಾತ್ರಿ ಎಲ್ಲ ಸದ್ದು ಅಡಗಿದ ಮೇಲೆ ಕಡಲಿನ ಶಬ್ದ ಕೇಳ್ತದೆ. ಶಬ್ದ ಬರುವಲ್ಲಿಗೆ ಉಪ್ಪುಗಾಳಿಯೂ ಬರ್ತದೆ ಮಾರಾಯ್ರೆ. ನಮ್ಮ ಕಡೆ ಹಿಂದಿನ ಬ್ರೇಕ್ ಸವೆದು ಹಾಳಾಗೋದಕ್ಕಿಂತ ತುಕ್ಕು ಹಿಡಿದು ಹಾಳಾಗೋದೇ ಜಾಸ್ತಿ. ಬ್ರೇಕ್ ಒತ್ತಿದಾಗ ಗಾಡಿಯ ಭಾರ ಎಲ್ಲ ಮುಂದಕ್ಕೆ ಬೀಳ್ತದೆ, ಹಾಗಾಗಿ ಮುಂದಿನ ಜೋಡಿಯೇ ಹೆಚ್ಚಿನ ಕೆಲಸ ಮಾಡೋದು, ಹಿಂದಿನದಕ್ಕೆ ಮೈ ಬಿಸಿಯಾಗುವಷ್ಟು ಕೆಲಸವೇ ಇಲ್ಲ. ಕೆಲಸ ಇಲ್ಲದಿದ್ರೆ ಡಿಸ್ಕ್ ಮೇಲಿನ ತುಕ್ಕು ಉಜ್ಜಿ ಹೋಗೋದಿಲ್ಲ, ಅದರಲ್ಲೂ ಒಳಬದಿಯಲ್ಲಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆಯಲ್ಲಿ ವಾರಕ್ಕೆರಡು ದಿನ ಮಾತ್ರ ಹೊರಗೆ ತೆಗೆಯುವ ಗಾಡಿ ಆದ್ರಂತೂ ಮುಗೀತು.

ಶುರು ಮಾಡುವ ಮೊದ್ಲು ನಿಮ್ಮ ಗಾಡಿಗೆ ಹಿಂದೆ ಡಿಸ್ಕ್ ಉಂಟಾ ಅಂತ ನೋಡಿ. ಸ್ವಿಫ್ಟು, ವ್ಯಾಗನಾರು ಇಂಥವುಗಳಲ್ಲಿ ಹಿಂದೆ ಡ್ರಮ್ಮು, ಅದರ ಕತೆಯೇ ಬೇರೆ. ಕೆಲವು ಗಾಡಿಗಳಲ್ಲಿ ಡಿಸ್ಕಿನ ನಡುವೆ ಉಬ್ಬಿದ ಟೋಪಿಯೊಳಗೆ ಹ್ಯಾಂಡ್ ಬ್ರೇಕಿಗೆ ಅಂತಲೇ ಒಂದು ಪುಟ್ಟ ಡ್ರಮ್ಮಿರ್ತದೆ, ಅಲ್ಲಿ ಪಿಸ್ಟನ್ ತಿರುಗಿಸ್ಲಿಕ್ಕಿಲ್ಲ, ಮುಂದಿನ ಹಾಗೆ ಒತ್ತಿದ್ರೆ ಸಾಕು. ಇನ್ನು ಈಗಿನ ಹೊಸ ಗಾಡಿಗಳಲ್ಲಿ ಲಿವರ್ ಬದಲು ಬಟನ್ ಇರುವ ಎಲೆಕ್ಟ್ರಾನಿಕ್ ಪಾರ್ಕಿಂಗ್ ಬ್ರೇಕ್ ಇದ್ರೆ ಸ್ಕ್ಯಾನರ್ ಹಾಕಿ, ಇಲ್ಲಾ ಆ ಗಾಡಿಯ ಮ್ಯಾನುವಲ್ಲಲ್ಲಿ ಹೇಳಿದ ಹಾಗೆ, ಮೋಟರನ್ನು ಸರ್ವಿಸ್ ಮೋಡಿಗೆ ತಂದುಕೊಳ್ಳದೆ ಕೈ ಹಾಕ್ಲೇಬೇಡಿ, ಪಿಸ್ಟನ್ ತಿರುಗಿಸ್ಲಿಕ್ಕೆ ಹೋದ್ರೆ ಮೋಟರ್ ಹೋಗ್ತದೆ. ನಾನಿಲ್ಲಿ ಹೇಳೋದು ಕೇಬಲ್ ಎಳೆಯುವ ಹ್ಯಾಂಡ್ ಬ್ರೇಕ್ ಕ್ಯಾಲಿಪರಿಗೇ ಬಂದು ಸೇರುವ ನಮೂನೆಯದ್ದು.

ಬದಲಾಯಿಸ್ಬೇಕಾ, ಬೇಡ್ವಾ

ಪ್ಯಾಡಿನ ಕಬ್ಬಿಣದ ತಗಡು ಬಿಟ್ಟು ಬರೀ ಮಸಾಲೆ (ಡಿಸ್ಕಿಗೆ ಉಜ್ಜಿ ಸವೆಯುವ ಭಾಗ) ಮಾತ್ರ ಅಳೀರಿ. ಸಿವಿಕ್ಕಿಗೆ ಕಡೇ ಮಿತಿ 1.6 ಎಂಎಂ, ಆದ್ರೆ ಅಷ್ಟು ತನಕ ಕಾಯ್ಬೇಡಿ, 3 ಎಂಎಂ ಬಂದ್ರೆ ತೆಗೀರಿ. ಚಕ್ರದ ಸಂದಿಯಿಂದ ಟಾರ್ಚ್ ಹಾಕಿ ನೋಡಿದ್ರೆ ಕಾಣೋದು ಹೊರಗಿನ ಪ್ಯಾಡು ಮಾತ್ರ, ಅದನ್ನು ನಂಬ್ಬೇಡಿ. ನನ್ನ ಗಾಡಿಯಲ್ಲಿ ಹೊರಗಿಂದು 5 ಎಂಎಂ ಇತ್ತು, ಒಳಗಿಂದು 2ಕ್ಕೆ ಬಂದಿತ್ತು, ಯಾಕೆ ಅಂತ ಮುಂದೆ ಹೇಳ್ತೇನೆ.

ರೋಟರಿನ ದಪ್ಪ ಹೊಸದರಲ್ಲಿ 9 ಎಂಎಂ, 8ಕ್ಕೆ ಇಳಿದ್ರೆ ಬದಲಾಯಿಸ್ಬೇಕು, ಕನಿಷ್ಠ ದಪ್ಪ ಎಷ್ಟು ಅಂತ ಸಾಧಾರಣವಾಗಿ ಡಿಸ್ಕಿನ ಮೇಲೆಯೇ ಅಚ್ಚು ಹಾಕಿರ್ತಾರೆ, ತುಕ್ಕು ಉಜ್ಜಿದ್ರೆ ಕಾಣ್ತದೆ. ಅಳೆಯೋದಲ್ಲಿ ಒಂದು ಮೋಸ ಉಂಟು. ಅಂಚಿನಲ್ಲಿ ಪ್ಯಾಡ್ ತಾಗದ ಜಾಗ ಸವೆಯದೆ ಒಂದು ದಿಂಡು ಹಾಗೆ ಉಳಿದಿರ್ತದೆ, ವರ್ನಿಯರ್ ಬಾಯಿ ಅದರ ಮೇಲೆ ಕೂತು ದಪ್ಪ ಜಾಸ್ತಿ ತೋರಿಸ್ತದೆ. ಮೈಕ್ರೋಮೀಟರ್ ಇಲ್ಲದಿದ್ರೆ ಎರಡು ಒಂದ್ರುಪಾಯಿ ನಾಣ್ಯ ತಗೊಂಡು ಡಿಸ್ಕಿನ ಎರಡೂ ಬದಿಗೆ, ದಿಂಡಿನಿಂದ ಒಳಗೆ ಇಟ್ಟು, ನಾಣ್ಯ ಸಮೇತ ಅಳೆದು ಆಮೇಲೆ ಎರಡು ನಾಣ್ಯದ ದಪ್ಪ ಕಳೀರಿ. ದಪ್ಪ ಸರಿ ಇದ್ರೂ ಒಳಬದಿಯಲ್ಲಿ ಕಪ್ಪು ಕಪ್ಪು ಗುಳಿ ಬಿದ್ದು ತೆಂಗಿನ ಚಿಪ್ಪಿನ ಹೊರಮೈ ಹಾಗೆ ಆಗಿದ್ರೆ ಆ ಡಿಸ್ಕ್ ಆಗ್ಲಿಕ್ಕಿಲ್ಲ, ಲೇತಿಗೆ ಕೊಟ್ಟು ಕೆತ್ತಿಸುವ ಅಂದ್ರೆ ಇರೋದೇ 1 ಎಂಎಂ, ಕೆತ್ತಿಸುವಷ್ಟು ಮಾಂಸ ಎಲ್ಲುಂಟು ಅದರಲ್ಲಿ.

ಮತ್ತೆ ಏನಿದ್ರೂ ಎರಡೂ ಬದಿ ಒಟ್ಟಿಗೆ. ಬಲಕ್ಕೆ ಹೊಸತು ಎಡಕ್ಕೆ ಹಳತು ಹಾಕಿದ್ರೆ ಬ್ರೇಕ್ ಒತ್ತಿದಾಗ ಗಾಡಿ ಒಂದು ಬದಿಗೆ ಎಳೀತದೆ.

ಸಾಮಾನು

ಎರಡು ರೋಟರು, ಒಂದು ಸೆಟ್ ಪ್ಯಾಡು (ನಾಲ್ಕು ಇರ್ತದೆ), ಪ್ಯಾಡ್ ಕೂರುವ ಬ್ರ್ಯಾಕೆಟ್ಟಿಗೆ ಹಾಕುವ ಸ್ಟೀಲ್ ಕ್ಲಿಪ್ಪುಗಳು, ಎರಡು ಡಬ್ಬಿ ಬ್ರೇಕ್ ಕ್ಲೀನರ್ ಸ್ಪ್ರೇ, ಬ್ರೇಕಿಗೆ ಅಂತಲೇ ಬರುವ ಸಿಲಿಕಾನ್ ಗ್ರೀಸು. ಮಾಮೂಲಿ ಹಳದಿ ಗ್ರೀಸ್ ಹಾಕ್ಬೇಡಿ, ಅದು ರಬ್ಬರನ್ನು ಉಬ್ಬಿಸ್ತದೆ, ನಾಲ್ಕು ತಿಂಗಳಲ್ಲಿ ಕ್ಯಾಲಿಪರ್ ಆಚೀಚೆ ಜಾರುವ ಪಿನ್ ಜಾಮ್. ಪಾರ್ಟ್ಸ್ ತರುವಾಗ ಚಾಸಿಸ್ ನಂಬರ್ ಕೊಟ್ಟು ತನ್ನಿ, ಅಂಗಡಿಯವ "ಎಲ್ಲ ಸಿವಿಕ್ಕಿಗೂ ಒಂದೇ ಸಾರ್" ಅಂದ್ರೆ ಹಳೆಯದರ ಪಕ್ಕ ಇಟ್ಟು ನೋಡುವ ತನಕ ಬಿಲ್ ಬಿಸಾಡ್ಬೇಡಿ.

ಟೂಲ್ಸಲ್ಲಿ 10ರಿಂದ 19ರ ತನಕ ಸಾಕೆಟ್ ಸೆಟ್ಟು, ಟಾರ್ಕ್ ರೆಂಚು, ತೆಳ್ಳಗಿನ ಒಂದು ಓಪನ್ ಸ್ಪಾನರು (ಪಿನ್ ತಿರುಗದ ಹಾಗೆ ಹಿಡೀಲಿಕ್ಕೆ), ವಯರ್ ಬ್ರಶ್ಶು, ಚಪ್ಪಟೆ ಅರ, ಸುತ್ತಿಗೆ, ಕಟ್ಟು ತಂತಿ. ಇವೆಲ್ಲ ಸಾಧಾರಣ ಎಲ್ರ ಹತ್ರ ಇರ್ತದೆ. ಸಾಲ ಮಾಡಿಯಾದ್ರೂ ತರ್ಬೇಕಾದ್ದು ಮೂರು. ಪಿಸ್ಟನ್ ತಿರುಗಿಸುವ ಕಿಟ್ಟು, ಸುತ್ತಿಗೆಯಲ್ಲಿ ಹೊಡೆಯುವ ಇಂಪ್ಯಾಕ್ಟ್ ಡ್ರೈವರು ಮತ್ತೆ ಅದಕ್ಕೆ 3 ನಂಬರಿನ ಸ್ಟಾರ್ ಬಿಟ್ಟು, ಮತ್ತೆ ಎರಡು ಜಾಕ್ ಸ್ಟ್ಯಾಂಡು.

ಜಾಕ್ ಸ್ಟ್ಯಾಂಡ್ ವಿಷಯಕ್ಕೆ ಒಂದು ನಿಮಿಷ ನಿಲ್ಲುವ. ನಮ್ಮ ಕಡೆ ಅಂಗಳದಲ್ಲಿ ಕೆಂಪುಕಲ್ಲು ರಾಶಿ ಬಿದ್ದಿರ್ತದೆ, ಜಾಕಿ ಎತ್ತಿ ಎರಡು ಕಲ್ಲು ಅಡಿಗೆ ಕೊಟ್ಟು ಕೆಲಸ ಶುರು ಮಾಡುವವರನ್ನು ನೋಡಿದ್ದೇನೆ. ಕೆಂಪುಕಲ್ಲು ಗೋಡೆಗೆ ಲಾಯಕ್ಕು, ಕಾರಿನ ಅಡಿಗಲ್ಲ, ಒಂದೇ ಕಡೆ ಭಾರ ಬಿದ್ರೆ ಸದ್ದಿಲ್ಲದೆ ಒಡೀತದೆ. ಗಾಡಿ ಜೊತೆ ಬಂದ ಜಾಕಿ ಸ್ಟೆಪ್ನಿ ಹಾಕ್ಲಿಕ್ಕೆ ಮಾತ್ರ, ಅದರ ನಂಬಿಕೆಯಲ್ಲಿ ಎರಡು ಗಂಟೆ ಕೂರ್ಬೇಡಿ. ಇಂಟರ್‌ಲಾಕ್ ಹಾಕಿದ ಅಂಗಳ ಆದ್ರೆ ಸ್ಟ್ಯಾಂಡಿನ ಕಾಲು ಹುಗಿಯದ ಹಾಗೆ ದಪ್ಪ ಹಲಗೆ ಇಡಿ.

ಗಾಡಿ ಎತ್ತುವುದು

ಇಲ್ಲೇ ಹಿಂದಿನ ಬ್ರೇಕಿನ ಮೊದಲ ರಗಳೆ. ಮುಂದಿನ ಕೆಲಸಕ್ಕೆ ಹ್ಯಾಂಡ್ ಬ್ರೇಕ್ ಎಳೆದಿಟ್ರೆ ಗಾಡಿ ಅಲ್ಲಾಡೋದಿಲ್ಲ, ಆದ್ರೆ ಈಗ ನಾವು ಬಿಚ್ಚೋದೇ ಹ್ಯಾಂಡ್ ಬ್ರೇಕನ್ನು, ಎಳೆದಿಟ್ರೆ ಕ್ಯಾಲಿಪರ್ ಡಿಸ್ಕನ್ನು ಕಚ್ಚಿ ಹಿಡಿದಿರ್ತದೆ, ಹೊರಗೇ ಬರೋದಿಲ್ಲ. ಹಾಗಾಗಿ ಸಮತಟ್ಟು ಜಾಗದಲ್ಲಿ ನಿಲ್ಸಿ, ಹ್ಯಾಂಡ್ ಬ್ರೇಕ್ ಎಳೆದೇ ಇರುವಾಗ ಚಕ್ರದ ನಟ್ಟುಗಳನ್ನು (19ರ ಸಾಕೆಟ್) ಕಾಲು ಸುತ್ತು ಸಡಿಲ ಮಾಡಿ, ಒಂದನೇ ಗೇರ್ ಹಾಕಿ, ಆಟೋಮ್ಯಾಟಿಕ್ ಆದ್ರೆ ಪಿ, ಮುಂದಿನ ಎರಡೂ ಚಕ್ರಕ್ಕೆ ಹಿಂದೆ ಮುಂದೆ ಮರದ ತುಂಡು ಒತ್ತಿ ಕೊಟ್ಟು, ಇಷ್ಟೆಲ್ಲ ಆದ್ಮೇಲೆ ಲಿವರ್ ಕೆಳಗೆ ಬಿಡಿ. ಮುಂದಿನ ಚಕ್ರ ಎಳೆಯುವ ಗಾಡಿ ಆದ ಕಾರಣ ಗೇರ್ ಹಿಡಿತ ಮುಂದಕ್ಕೆ ಸಿಗ್ತದೆ. ಲಿವರ್ ಬಿಡುವ ಮೊದ್ಲು ಪೂರ್ತಿ ಎಳೀಲಿಕ್ಕೆ ಎಷ್ಟು ಕ್ಲಿಕ್ ಬರ್ತದೆ ಅಂತ ಎಣಿಸಿ ಬರೆದಿಡಿ, ಕಡೆಗೆ ಬೇಕಾಗ್ತದೆ. ಲಿವರ್ ಬಿಟ್ಟ ಮೇಲೆ ಹಿಂಬದಿಯನ್ನು ಜಾಕಿಯಲ್ಲಿ ಎತ್ತಿ ಜಾಕ್ ಸ್ಟ್ಯಾಂಡಿನ ಮೇಲೆ ಕೂರಿಸಿ.

ಕೀ ತೆಗೆದು ಜೇಬಿಗೆ ಹಾಕಿ. ಕ್ಯಾಲಿಪರ್ ನೇತಾಡ್ತಾ ಇರುವಾಗ ಮನೆಯ ಮಕ್ಕಳು ಒಳಗೆ ಕೂತು ಪೆಡಲ್ ಒತ್ತಿದ್ರೂ, ಲಿವರ್ ಎಳೆದ್ರೂ ಪಿಸ್ಟನ್ ಹೊರಗೆ ಬರ್ತದೆ, ಬ್ರೇಕ್ ಆಯಿಲ್ ಅಂಗಳದಲ್ಲಿ.

ಬೋನೆಟ್ ತೆಗೆದು ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳ ಸಡಿಲ ಮಾಡಿ, ಸುತ್ತ ಒಂದು ಬಟ್ಟೆ ಸುತ್ತಿ. ಮ್ಯಾಕ್ಸ್ ಗೆರೆಗೆ ಹತ್ತಿರ ಇದ್ರೆ ಹಳೇ ಸಿರಿಂಜಲ್ಲಿ ಚೂರು ಎಳೆದು ತೆಗೀರಿ, ಯಾಕಂದ್ರೆ ಪಿಸ್ಟನ್ ಒಳಗೆ ಹೋದ ಹಾಗೆ ಆಯಿಲ್ ಮೇಲೆ ಬರ್ತದೆ, ಪೇಂಟಿನ ಮೇಲೆ ಬಿದ್ರೆ ಪೇಂಟ್ ಎದ್ದು ಹೋಗ್ತದೆ. ಬಿದ್ರೆ ಒರೆಸ್ಲಿಕ್ಕೆ ಹೋಗ್ಬೇಡಿ, ಕೂಡ್ಲೇ ನೀರು ಹೊಯ್ಯಿರಿ.

ಬಿಚ್ಚುವುದು

ಒಂದು ಬದಿ ಪೂರ್ತಿ ಮುಗಿಸಿ ಆಮೇಲೆ ಇನ್ನೊಂದು. ಎರಡೂ ಒಟ್ಟಿಗೆ ಬಿಚ್ಚಿ ಹರಡಿದ್ರೆ ಯಾವ ಕ್ಲಿಪ್ ಎಲ್ಲಿಗೆ ಅಂತ ಮಂಡೆಬಿಸಿ ಆಗ್ತದೆ, ಒಂದು ಬದಿ ಬಿಚ್ಚದೆ ಇದ್ರೆ ನೋಡಿ ಕಲೀಲಿಕ್ಕೆ ಅದೇ ಇರ್ತದಲ್ಲ. ಮೊಬೈಲಲ್ಲಿ ಫೋಟೋ ಕೂಡ ತೆಗೀರಿ, ಸವೆದಾಗ ಕಿರುಚುವ ತಗಡು ಇರುವ ಪ್ಯಾಡ್ ಯಾವ ಬದಿಗೆ, ಮೇಲಾ ಕೆಳಗಾ ಅಂತ.

ಚಕ್ರ ತೆಗೆದ ಕೂಡ್ಲೇ ಕಾಣೋ ಪುಡಿಯನ್ನು ಊದ್ಬೇಡಿ, ಕಂಪ್ರೆಸರ್ ಹಿಡೀಬೇಡಿ. ನಮ್ಮ ದೇಶದಲ್ಲಿ ಆಸ್ಬೆಸ್ಟಸ್ ಇನ್ನೂ ಪೂರ್ತಿ ಬಂದ್ ಆಗಿಲ್ಲ, ಮೊದಲಿನವರು ಎಂತ ಪ್ಯಾಡ್ ಹಾಕಿದ್ರೋ ಯಾರಿಗೆ ಗೊತ್ತು. ಮಾಸ್ಕ್ ಹಾಕಿ, ಬ್ರೇಕ್ ಕ್ಲೀನರ್ ಹೊಡೆದು ಒದ್ದೆ ಮಾಡಿ ಒರೆಸಿ.

ಕ್ಯಾಲಿಪರಿನ ಹಿಂದೆ ಎರಡು ಸಣ್ಣ ಬೋಲ್ಟು, ಒಂದೊಂದು ಸ್ಲೈಡ್ ಪಿನ್ನಿಗೆ. ಬೋಲ್ಟ್ ತಿರುಗಿಸುವಾಗ ಪಿನ್ನೂ ಒಟ್ಟಿಗೆ ತಿರುಗ್ತದೆ, ತೆಳ್ಳಗಿನ ಸ್ಪಾನರಿನಲ್ಲಿ ಅದನ್ನು ಹಿಡಿದುಕೊಳ್ಳಿ. ಎರಡೂ ತೆಗೆದು ಕ್ಯಾಲಿಪರನ್ನು ಅಲ್ಲಾಡಿಸ್ತಾ ಎಳೆದ್ರೆ ಬರ್ತದೆ. ಬರದಿದ್ರೆ ಡಿಸ್ಕಿನ ಅಂಚಿನ ದಿಂಡಿಗೆ ಪ್ಯಾಡ್ ಸಿಕ್ಕಿಕೊಂಡಿದೆ ಅಂತ ಅರ್ಥ, ಹೊರಗಿನ ಪ್ಯಾಡಿಗೂ ಕ್ಯಾಲಿಪರಿಗೂ ನಡುವೆ ದಪ್ಪ ಸ್ಕ್ರೂಡ್ರೈವರ್ ಹಾಕಿ ಮೆಲ್ಲ ಮೀಟಿ, ಜೋರು ಮಾಡ್ಬೇಡಿ. ಹೊರಗೆ ಬಂದ ಕ್ಯಾಲಿಪರನ್ನು ರಬ್ಬರ್ ಪೈಪಲ್ಲಿ ನೇತಾಡ್ಲಿಕ್ಕೆ ಬಿಡ್ಬಾರ್ದು, ಕಟ್ಟು ತಂತಿಯಲ್ಲಿ ಒಂದು ಕೊಕ್ಕೆ ಮಾಡಿ ಸಸ್ಪೆನ್ಷನ್ ಸ್ಪ್ರಿಂಗಿಗೆ ತೂಗಿ ಹಾಕಿ. ಹ್ಯಾಂಡ್ ಬ್ರೇಕ್ ಕೇಬಲ್ ಅದರಲ್ಲೇ ಇರ್ಲಿ, ತೊಂದರೆ ಇಲ್ಲ, ತಿರುಗಿಸ್ಲಿಕ್ಕೆ ಜಾಗ ಸಾಲದಿದ್ರೆ ಮಾತ್ರ ಕ್ಲಿಪ್ ತೆಗೆದು ಬಿಡಿಸಿ.

ಪ್ಯಾಡು ತೆಗೆದ್ರಿ ಅಂತ ಆಯ್ತು, ಈಗ ಬ್ರ್ಯಾಕೆಟ್, ಅದಕ್ಕೆ ಎರಡು ದೊಡ್ಡ ಬೋಲ್ಟು. ಇದು ಬಿಗಿ ಇರ್ತದೆ, ಹಿಂದಿನ ದಿನವೇ ಡಬ್ಲ್ಯೂಡಿ-40 ಹೊಡೆದಿಟ್ರೆ ಒಳ್ಳೇದು. ಸ್ಪ್ರೇ ಮಾಡುವಾಗ ಎಬಿಎಸ್ ಸೆನ್ಸರಿನ ವಯರ್ ಎಲ್ಲಿ ಹೋಗ್ತದೆ ನೋಡಿಕೊಳ್ಳಿ, ಸಾಕೆಟ್ಟಿಗೆ ಲಿವರ್ ಹಾಕಿ ಎಳೆಯುವಾಗ ಅದಕ್ಕೆ ತಾಗಿ ಕಡಿದ್ರೆ ಡ್ಯಾಶಲ್ಲಿ ಲೈಟ್ ಬಂದು ಕೂರ್ತದೆ.

ಆ ಎರಡು ಸ್ಕ್ರೂ

ಡಿಸ್ಕನ್ನು ಹಬ್ಬಿಗೆ (ಚಕ್ರ ಕೂರುವ ಹಬ್) ಹಿಡಿದಿಟ್ಟ ಎರಡು ಸ್ಟಾರ್ ಸ್ಕ್ರೂ ಉಂಟು. ನೋಡ್ಲಿಕ್ಕೆ ಪಾಪದ್ದು. ನನ್ನ ಅರ್ಧ ದಿನ ತಿಂದದ್ದು ಇದೇ. ಉಪ್ಪುಗಾಳಿಗೆ ಸ್ಕ್ರೂವಿನ ಮಂಡೆ, ಡಿಸ್ಕು, ಹಬ್ಬು ಮೂರೂ ಒಂದೇ ಗಟ್ಟಿ ಆಗಿರ್ತದೆ. ಮನೆಯಲ್ಲಿರುವ 2 ನಂಬರ್ ಸ್ಕ್ರೂಡ್ರೈವರ್ ಹಾಕಿ ತಿರುಗಿಸಿದ್ರಿ ಅಂದ್ರೆ ಮೊದಲ ಜಾರಿಗೇ ಸ್ಟಾರಿನ ನಾಲ್ಕು ಮೂಲೆ ಹೋಗಿ ಬಟ್ಟಲು ಹಾಗೆ ಆಗ್ತದೆ, ಆಮೇಲೆ ಯಾವ ದೇವರೂ ಇಲ್ಲ.

ಮಾಡ್ಬೇಕಾದ ಕ್ರಮ ಹೀಗೆ. ಸ್ಟಾರಿನೊಳಗೆ ತುಂಬಿದ ತುಕ್ಕನ್ನು ಮೊಳೆಯ ತುದಿಯಲ್ಲಿ ಕೆರೆದು ತೆಗೀರಿ, ಬಿಟ್ ತಳ ಮುಟ್ಟಿ ಕೂರ್ಬೇಕು. 3 ನಂಬರ್ ಬಿಟ್ಟನ್ನು ಇಂಪ್ಯಾಕ್ಟ್ ಡ್ರೈವರಿಗೆ ಹಾಕಿ, ಸಡಿಲ ಮಾಡುವ ದಿಕ್ಕಿಗೆ ಸೆಟ್ ಮಾಡಿ, ನೇರ ಒತ್ತಿ ಹಿಡಿದು ಒಂದು ಕೆಜಿ ಸುತ್ತಿಗೆಯಲ್ಲಿ ಸರಿಯಾಗಿ ಒಂದು ಪೆಟ್ಟು. ಹೆದರಿ ಹೆದರಿ ಹತ್ತು ಸಣ್ಣ ಪೆಟ್ಟು ಕೊಟ್ರೆ ಬರೋದಿಲ್ಲ. ನನಗೆ ನಾಲ್ಕನೇ ಪೆಟ್ಟಿಗೆ 'ಟಿಕ್' ಅಂತ ಒಂದು ಸಣ್ಣ ಶಬ್ದ ಬಂತು, ಸ್ಕ್ರೂವಿನ ಸುತ್ತ ಕೆಂಪು ಪುಡಿ ಉದುರಿತು, ಪಕ್ಕದಲ್ಲಿ ಟಾರ್ಚ್ ಹಿಡಿದಿದ್ದ ನನ್ನ ಭಾವ "ಮುರೀತಾ?" ಅಂತ ಕೇಳಿದ, ಮುರಿದಿರ್ಲಿಲ್ಲ, ಎಣ್ಣೆಯಲ್ಲಿ ತಿರುಗಿದ ಹಾಗೆ ಬಂತು. ಎರಡನೇದ್ದು ಬರ್ಲೇ ಇಲ್ಲ, ಮಂಡೆ ಹೋಯ್ತು, ಡ್ರಿಲ್ ಹಾಕಿದೆ. ಹಾಗಾದ್ರೆ ಗಾಬರಿ ಬೇಡ, ಸಣ್ಣ ಬಿಟ್ಟಿನಿಂದ ಶುರು ಮಾಡಿ ದೊಡ್ಡದಕ್ಕೆ ಹೋಗಿ, ಸ್ಕ್ರೂವಿನ ಮಂಡೆ ಮಾತ್ರ ಹಾರುವ ತನಕ, ಡಿಸ್ಕ್ ತೆಗೆದ ಮೇಲೆ ಉಳಿದ ಕುತ್ತಿಯನ್ನು ಗ್ರಿಪ್ ಪ್ಲೈಯರಲ್ಲಿ ಹಿಡಿದು ತಿರುಗಿಸಿದ್ರೆ ಸಲೀಸಾಗಿ ಬರ್ತದೆ. ಚಕ್ರ ಹಾಕಿ ನಟ್ ಬಿಗಿದ ಮೇಲೆ ಡಿಸ್ಕನ್ನು ಹಿಡಿಯೋದು ಚಕ್ರವೇ, ಆ ಸ್ಕ್ರೂ ಚಕ್ರ ಇಲ್ಲದಾಗ ಡಿಸ್ಕ್ ಬೀಳದ ಹಾಗೆ ಮಾತ್ರ. ಹೊಸ ಸ್ಕ್ರೂ ಹಾಕುವಾಗ ಎಳೆಗೆ ಚೂರು ಆಂಟಿ-ಸೀಜ್ (ತುಕ್ಕಿಗೆ ಕಚ್ಚಿಕೊಳ್ಳದ ಹಾಗೆ ಹಚ್ಚುವ ಪೇಸ್ಟು) ಮುಟ್ಟಿಸಿ ಹಾಕಿ.

ಸ್ಕ್ರೂ ಹೋದ್ರೂ ಡಿಸ್ಕ್ ಹಬ್ಬಿಗೆ ಅಂಟಿಯೇ ಇರ್ತದೆ. ಈಗ ಸುತ್ತಿಗೆ ಹಿಡಿದು ಬಡೀಲಿಕ್ಕೆ ಕೈ ತುರಿಸ್ತದೆ, ನಿಲ್ಲಿ, ಅದರ ಪೆಟ್ಟೆಲ್ಲ ಚಕ್ರದ ಬೇರಿಂಗಿಗೆ ಹೋಗ್ತದೆ. ಡಿಸ್ಕಿನ ಟೋಪಿಯಲ್ಲಿ ಎಳೆ ಇರುವ ಎರಡು ಖಾಲಿ ತೂತುಂಟು, ಎಂತಕ್ಕೆ ಅಂತ ತುಂಬಾ ಜನಕ್ಕೆ ಗೊತ್ತೇ ಇಲ್ಲ. 8 ಎಂಎಂ ಬೋಲ್ಟ್ ಎರಡು, 1.25 ಎಳೆಯದ್ದು, ಯಾವ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗ್ತದೆ, ಅದನ್ನು ಹಾಕಿ ಇದಕ್ಕೆ ಕಾಲು ಸುತ್ತು ಅದಕ್ಕೆ ಕಾಲು ಸುತ್ತು ಅಂತ ಬಿಗೀತಾ ಹೋಗಿ. ಬೋಲ್ಟ್ ಹಬ್ಬನ್ನು ಒತ್ತುತ್ತದೆ, ಡಿಸ್ಕ್ ತಾನಾಗಿ ಹೊರಗೆ ಜಿಗೀತದೆ. ಕಾಲು ಅಡಿಗೆ ಇಡ್ಬೇಡಿ ಆಗ.

ಹಬ್ಬು, ಬ್ರ್ಯಾಕೆಟ್ಟು, ಪಿನ್ನು

ಗ್ಯಾರೇಜಲ್ಲಿ ಟೈಮ್ ಇಲ್ಲ ಅಂತ ಹಾರಿಸೋದು ಇದನ್ನೇ, ಮನೆಯಲ್ಲಿ ಮಾಡೋದ್ರ ಲಾಭ ಇರೋದೂ ಇಲ್ಲೇ. ಹಬ್ಬಿನ ಮುಖವನ್ನು ವಯರ್ ಬ್ರಶ್ಶಲ್ಲಿ ಉಜ್ಜಿ ಬರೀ ಲೋಹ ಕಾಣ್ಬೇಕು, ಆಮೇಲೆ ಬೆರಳಾಡಿಸಿ ನೋಡಿ ಎಲ್ಲಿಯೂ ಗಂಟು ಸಿಗ್ಬಾರ್ದು. ಅಲ್ಲಿ ಒಂದು ತುಕ್ಕಿನ ಹೊಪ್ಪಳೆ ಉಳಿದ್ರೂ ಡಿಸ್ಕ್ ಓರೆಯಾಗಿ ಕೂರ್ತದೆ, ಮಧ್ಯದಲ್ಲಿ ಕೂದಲೆಳೆಯಷ್ಟು ಓರೆ ಅಂಚಿಗೆ ಬರುವಾಗ ಜಾಸ್ತಿ ಆಗ್ತದೆ, ಹೊಸ ಡಿಸ್ಕ್ ಹಾಕಿದ ಮೇಲೂ ಬ್ರೇಕ್ ಒತ್ತಿದಾಗ ಪೆಡಲ್ ಕುಣೀತದೆ, ನೀವು ಡಿಸ್ಕ್ ಮಾಡಿದವನಿಗೆ ಬೈತೀರಿ.

ಬ್ರ್ಯಾಕೆಟ್ಟಿನ ಸ್ಟೀಲ್ ಕ್ಲಿಪ್ ಕಿತ್ತು ತೆಗೆದ್ರೆ ಅದರಡಿಯಲ್ಲಿ ತುಕ್ಕು ಪದರ ಪದರವಾಗಿ ಉಬ್ಬಿರೋದು ಕಾಣ್ತದೆ. ಒಳಗಿನ ಪ್ಯಾಡ್ ಬೇಗ ಸವೆದದ್ದು ಯಾಕೆ ಅಂತ ನನಗೆ ಗೊತ್ತಾದ್ದು ಇಲ್ಲಿ. ತುಕ್ಕು ಉಬ್ಬಿ ಕ್ಲಿಪ್ಪನ್ನು ಮೇಲೆತ್ತಿದೆ, ಕ್ಲಿಪ್ ಪ್ಯಾಡಿನ ಕಿವಿಯನ್ನು ಬಿಗಿ ಹಿಡಿದಿದೆ, ಬ್ರೇಕ್ ಒತ್ತಿದಾಗ ಪಿಸ್ಟನ್ ತಳ್ಳಿದ ಪ್ಯಾಡ್ ಬಿಟ್ಟಾಗ ಹಿಂದೆ ಬರ್ಲೇ ಇಲ್ಲ, ಡಿಸ್ಕಿಗೆ ತಾಗಿಕೊಂಡೇ ತಿರುಗಿದೆ. ಜೊತೆಗೆ ಕೆಳಗಿನ ಪಿನ್ನು ಕೂಡ ಅರ್ಧ ಜಾಮ್. ಅರದಲ್ಲಿ ತುಕ್ಕನ್ನು ಮಾತ್ರ ಉಜ್ಜಿ ತೆಗೀರಿ, ಲೋಹ ತಿನ್ಬೇಡಿ, ಹೊಸ ಕ್ಲಿಪ್ ಹಾಕಿ ಪ್ಯಾಡ್ ಕೂರಿಸಿ ಒಂದೇ ಬೆರಳಲ್ಲಿ ತಳ್ಳಿ ನೋಡಿ, ಆಚೆ ಈಚೆ ಹೋಗ್ಬೇಕು. ಸುತ್ತಿಗೆಯಲ್ಲಿ ತಟ್ಟಿ ಕೂರಿಸಿದ ಪ್ಯಾಡ್ ಆರು ತಿಂಗಳಲ್ಲಿ ಪುನಃ ಇದೇ ಕತೆ.

ಪಿನ್ನುಗಳನ್ನು ಎಳೆದು ತೆಗೆದು ಹಳೇ ಗ್ರೀಸ್ ಒರೆಸಿ, ತೂತಿನೊಳಗೂ ಕ್ಲೀನರ್ ಹೊಡೆದು ಒಣಗಿಸಿ, ಸಿಲಿಕಾನ್ ಗ್ರೀಸ್ ತೆಳ್ಳಗೆ ಸವರಿ. ಜಾಸ್ತಿ ತುಂಬಿದ್ರೆ ಗಾಳಿ ಸಿಕ್ಕಿಕೊಂಡು ಪಿನ್ ಹೊರಗೆ ತಳ್ತದೆ. ಮೇಲಿನ ಪಿನ್ನು, ಕೆಳಗಿನ ಪಿನ್ನು ಒಂದೇ ತರ ಇರ್ಬೇಕೆಂದಿಲ್ಲ, ಅದಲು ಬದಲು ಮಾಡ್ಬೇಡಿ. ರಬ್ಬರ್ ಟೋಪಿ ಹರಿದಿದ್ರೆ ಹೊಸತು ಹಾಕಿ, ಅದು ನಾಲ್ಕು ಕಾಸಿನ ವಸ್ತು.

ಬ್ರ್ಯಾಕೆಟ್ ವಾಪಸ್ ಹಾಕುವ ಮೊದ್ಲು ಹೊಸ ಡಿಸ್ಕ್ ಕೂರಿಸಿ. ಹೊಸ ಡಿಸ್ಕಿಗೆ ತುಕ್ಕು ಹಿಡಿಯದಿರ್ಲಿ ಅಂತ ಎಣ್ಣೆ ಹಚ್ಚಿರ್ತಾರೆ, ಎರಡೂ ಮುಖಕ್ಕೆ ಕ್ಲೀನರ್ ಹೊಡೆದು ಬಿಳಿ ಬಟ್ಟೆಯಲ್ಲಿ ಒರೆಸಿ, ಬಟ್ಟೆ ಬೆಳ್ಳಗೆ ಬರುವ ತನಕ. ಗ್ರೀಸ್ ಕೈಯಲ್ಲಿ ಮುಟ್ಬೇಡಿ. ಬ್ರ್ಯಾಕೆಟ್ ಬೋಲ್ಟು ಸಿವಿಕ್ಕಿಗೆ 55 ನ್ಯೂಟನ್ ಮೀಟರ್.

ಪಿಸ್ಟನ್

ಈಗ ಮುಖ್ಯದ್ದು. ಪಿಸ್ಟನ್ ಮುಖದಲ್ಲಿ ಪ್ಲಸ್ ಆಕಾರದ ಗೀರು ಉಂಟು. ಕಿಟ್ಟಿನಲ್ಲಿ ಅದಕ್ಕೆ ಸರಿ ಕೂರುವ ಬಿಲ್ಲೆ ಆರಿಸಿ, ಮೆಲ್ಲ ಒತ್ತುತ್ತಾ ಕ್ಲಾಕ್‌ವೈಸ್ ತಿರುಗಿಸಿ. ಕೆಲವು ಗಾಡಿಗಳಲ್ಲಿ ಒಂದು ಬದಿಗೆ ಉಲ್ಟಾ ಇರ್ತದೆ, ತಿರುಗಿಸಿದ ಹಾಗೆ ಹೊರಗೆ ಬರ್ತಾ ಉಂಟು ಅಂತ ಕಂಡ್ರೆ ದಿಕ್ಕು ಬದಲಿಸಿ. ಅವಸರ ಬೇಡ, ಅರ್ಧ ಸುತ್ತು ತಿರುಗಿಸಿ ಸುತ್ತಲಿನ ರಬ್ಬರ್ ಬೂಟನ್ನು ನೋಡಿ, ಪಿಸ್ಟನ್ ಜೊತೆ ಅದೂ ತಿರುಚಿಕೊಳ್ತಾ ಉಂಟಾ ಅಂತ. ತಿರುಚಿದ್ರೆ ಬೆರಳಲ್ಲಿ ಬಿಡಿಸಿ, ಬೂಟಿನ ತುಟಿಗೆ ಚೂರು ಸಿಲಿಕಾನ್ ಗ್ರೀಸ್ ಮುಟ್ಟಿಸಿ, ಮುಂದುವರಿಸಿ. ಆಚೆ ಬೋನೆಟ್ ಕಡೆ ಆಯಿಲ್ ಎಷ್ಟು ಏರಿತು ಅಂತ ನೋಡ್ಲಿಕ್ಕೆ ಒಬ್ಬರು ಇದ್ರೆ ಒಳ್ಳೇದು. ತಿರುಗ್ಲೇ ಇಲ್ಲ, ಇಲ್ಲಾ ತಿರುಗ್ತದೆ ಆದ್ರೆ ಒಳಗೆ ಹೋಗೋದಿಲ್ಲ ಅಂತಾದ್ರೆ ಜೋರು ಮಾಡದೆ ಕ್ಯಾಲಿಪರ್ ಬದಲಾಯಿಸುವ ಯೋಚನೆ ಮಾಡಿ.

ಪೂರ್ತಿ ಒಳಗೆ ಹೋದ ಮೇಲೆ ಇನ್ನೊಂದು ಸಣ್ಣ ಕೆಲಸ, ಇದನ್ನು ಮರೆತವರೇ ಜಾಸ್ತಿ. ಒಳಗಿನ ಪ್ಯಾಡಿನ ಬೆನ್ನಲ್ಲಿ ಒಂದು ಗುಬುಟು ಉಂಟು, ಅದು ಪಿಸ್ಟನಿನ ಪ್ಲಸ್ ಗೀರಿನೊಳಗೆ ಕೂರ್ಬೇಕು. ಕೂತ್ರೆ ಪಿಸ್ಟನ್ ತಿರುಗದ ಹಾಗೆ ಅದು ಹಿಡೀತದೆ, ಹ್ಯಾಂಡ್ ಬ್ರೇಕಿನ ಸ್ಕ್ರೂ ತಾನಾಗಿ ಅಡ್ಜಸ್ಟ್ ಆಗೋದು ಆ ಹಿಡಿತದ ಮೇಲೆಯೇ. ಗೀರು ಓರೆ ನಿಂತು ಗುಬುಟು ಪಿಸ್ಟನ್ ಮೇಲೆ ಹತ್ತಿ ಕೂತ್ರೆ ಪ್ಯಾಡ್ ವಾರೆಯಾಗಿ ಸವೀತದೆ, ಒಂದು ತುದಿ ದಪ್ಪ, ಒಂದು ತುದಿ ತಗಡು. ಹಾಗಾಗಿ ಗೀರು ಸರಿಯಾದ ದಿಕ್ಕಿಗೆ ನಿಲ್ಲುವ ಹಾಗೆ ಚೂರು ಮುಂದೆ ಹಿಂದೆ ತಿರುಗಿಸಿ ಸರಿ ಮಾಡಿ, ಆಮೇಲೆ ಕ್ಯಾಲಿಪರ್ ಇಳಿಸಿ.

ಪ್ಯಾಡಿನ ಬೆನ್ನಿಗೆ, ಕಿವಿಗಳಿಗೆ ಬ್ರೇಕ್ ಗ್ರೀಸ್ ಉಗುರಲ್ಲಿ ತೆಗೆದಷ್ಟು ಸಾಕು. ಮಸಾಲೆಗೆ ತಾಗಿದ್ರೆ ಆ ಪ್ಯಾಡ್ ಹೋಯ್ತು ಅಂತಲೇ ಲೆಕ್ಕ. ಕ್ಯಾಲಿಪರ್ ಬೋಲ್ಟು 23 ನ್ಯೂಟನ್ ಮೀಟರ್ ಅಷ್ಟೇ, ಇದು ಸಣ್ಣ ಬೋಲ್ಟು, ಕೈ ಜೋರು ಇದ್ದವರು ಕಡಿದು ಹಾಕ್ತಾರೆ. ಚಕ್ರದ ನಟ್ಟು ಕೈಯಲ್ಲಿ ಎಲ್ಲ ಕೂರಿಸಿ, ಗಾಡಿ ಇಳಿಸಿ, ನಕ್ಷತ್ರ ಬಿಡಿಸಿದ ಹಾಗೆ ಒಂದು ಬಿಟ್ಟು ಒಂದು 108 ನ್ಯೂಟನ್ ಮೀಟರಿಗೆ ಬಿಗೀರಿ. ನಟ್ ಬಿಗಿಯುವ ಲಿವರ್ ಮೇಲೆ ಹತ್ತಿ ನಿಂತು ಕುಣಿಯೋದು ಬೇಡ.

ಸ್ಟಾರ್ಟ್ ಮಾಡುವ ಮೊದ್ಲು

ಎರಡೂ ಬದಿ ಆದ ಮೇಲೆ ನನಗೆ ಖುಷಿ ಎಷ್ಟಾಯ್ತಂದ್ರೆ ಕೈ ತೊಳೆದು ಚಾ ಕುಡಿದು ಸೀದಾ ಸ್ಟಾರ್ಟ್ ಮಾಡಿ ರಿವರ್ಸ್ ಹಾಕಿದೆ. ಬ್ರೇಕ್ ಒತ್ತಿದೆ, ಪೆಡಲ್ ನೆಲಕ್ಕೆ ಹೋಗಿ ಕೂತಿತು. ಗಾಡಿ ನಿಂತದ್ದು ಅಮ್ಮನ ತುಳಸಿಕಟ್ಟೆಗೆ ತಾಗಿಯೇ. ಬಂಪರಿಗೆ ಗೀರು, ಕಟ್ಟೆಯ ಒಂದು ಮೂಲೆ ಹಾರಿತು, ಅಮ್ಮ ಎರಡು ದಿನ ನನ್ನತ್ರ ಮಾತಾಡ್ಲಿಲ್ಲ. ಆದದ್ದೆಂತ ಅಂದ್ರೆ ಪಿಸ್ಟನ್ ಪೂರ್ತಿ ಒಳಗೆ ಹೋಗಿ ಕೂತಿದೆ, ಪ್ಯಾಡಿಗೂ ಡಿಸ್ಕಿಗೂ ನಡುವೆ ಜಾಗ ಉಂಟು, ಮೊದಲ ಕೆಲವು ಒತ್ತು ಆ ಜಾಗ ತುಂಬ್ಲಿಕ್ಕೇ ಹೋಗ್ತದೆ. ಹಾಗಾಗಿ ಇಂಜಿನ್ ಆಫ್ ಇರುವಾಗಲೇ ಪೆಡಲನ್ನು ಮೆಲ್ಲ ಮೆಲ್ಲ, ಗಟ್ಟಿ ಆಗುವ ತನಕ ಒತ್ತಿ, ಹತ್ತೋ ಇಪ್ಪತ್ತೋ ಲೆಕ್ಕ ಬೇಡ. ಆಮೇಲೆ ಹ್ಯಾಂಡ್ ಬ್ರೇಕ್ ಲಿವರನ್ನು ಹಲವು ಸಲ ಎಳೆದು ಬಿಡಿ. ಬರೆದಿಟ್ಟ ಕ್ಲಿಕ್ಕಿನ ಲೆಕ್ಕಕ್ಕೆ ಬಂತಾ ನೋಡಿ, ತುಂಬಾ ಮೇಲೆ ಬಂದ್ರೆ ಇನ್ನೂ ಪೆಡಲ್ ಒತ್ತಿ ಲಿವರ್ ಎಳೀರಿ, ಕೇಬಲ್ ಬಿಗಿ ಮಾಡ್ಲಿಕ್ಕೆ ಓಡ್ಬೇಡಿ.

ಆಯಿಲ್ ಲೆವೆಲ್ ನೋಡಿ ಮುಚ್ಚಳ ಹಾಕಿ. ಪೈಪ್ ಬಿಚ್ಚದ ಕಾರಣ ಗಾಳಿ ತೆಗೆಯುವ ಕೆಲಸ ಇಲ್ಲ. ಆದ್ರೆ ಬ್ರೇಕ್ ಆಯಿಲ್ ಗಾಳಿಯ ತೇವ ಕುಡೀತದೆ, ಮೂರು ವರ್ಷದಿಂದ ಬದಲಾಯಿಸದಿದ್ರೆ ಆ ಕೆಲಸವನ್ನೂ ಲಿಸ್ಟಿಗೆ ಹಾಕಿಕೊಳ್ಳಿ.

ಪ್ಯಾಡು ಡಿಸ್ಕಿಗೆ ಹೊಂದಿಕೊಳ್ಳೋದು

ಬೆಳಿಗ್ಗೆ ಆರು ಗಂಟೆಗೆ ಹೈವೇ 66ರಲ್ಲಿ ಮುಲ್ಕಿ ಕಡೆ ಹೋಗಿ ಈ ಕೆಲಸ ಮಾಡಿದೆ, ಆ ಹೊತ್ತಿಗೆ ಹಿಂದೆ ಬಸ್ಸುಗಳ ಕಾಟ ಕಡಿಮೆ. ಮೊದ್ಲು ಮನೆ ಎದುರಿನ ರಸ್ತೆಯಲ್ಲೇ ನಿಧಾನದಲ್ಲಿ ನಾಲ್ಕು ಸಲ ಬ್ರೇಕ್ ಹಿಡೀತದಾ ನೋಡಿ. ಆಮೇಲೆ ಹಿಂದೆ ಯಾರೂ ಇಲ್ಲದಾಗ 60ರಿಂದ 20ಕ್ಕೆ ಹದವಾಗಿ ಇಳಿಸಿ, ಪುನಃ 60ಕ್ಕೆ ಏರಿಸಿ, ಅರ್ಧ ನಿಮಿಷ ಗಾಳಿ ತಾಗ್ಲಿಕ್ಕೆ ಬಿಡಿ, ಹೀಗೆ ಎಂಟು ಹತ್ತು ಸಲ. ಪೂರ್ತಿ ನಿಲ್ಸಿ ಪೆಡಲ್ ಒತ್ತಿ ಹಿಡ್ಕೊಂಡು ಕೂರ್ಬೇಡಿ, ಬಿಸಿ ಪ್ಯಾಡು ಒಂದೇ ಜಾಗಕ್ಕೆ ಅಂಟಿ ಗುರುತು ಬೀಳ್ತದೆ. ಪ್ಯಾಡಿನ ಡಬ್ಬಿಯಲ್ಲಿ ಬೇರೆ ಕ್ರಮ ಬರೆದಿದ್ರೆ ಅದನ್ನೇ ಮಾಡಿ. ಚೂರು ವಾಸನೆ ಬರ್ತದೆ, ಹೊಗೆ ಬಂದ್ರೆ ನಿಲ್ಸಿ.

ಮನೆಗೆ ಬಂದ ಕೂಡ್ಲೇ ನಾಲ್ಕೂ ಚಕ್ರದ ಹತ್ರ ಕೈ ಹಿಡಿದು ನೋಡಿ, ಮುಟ್ಬೇಡಿ, ಹತ್ರ ಮಾತ್ರ. ಹಿಂದಿನ ಎರಡು ಸಾಧಾರಣ ಒಂದೇ ಬಿಸಿ ಇರ್ಬೇಕು. ಒಂದು ಬದಿ ಒಲೆ ಹಾಗೆ, ಇನ್ನೊಂದು ತಣ್ಣಗೆ ಅಂತಾದ್ರೆ ಬಿಸಿ ಇರುವ ಬದಿಯಲ್ಲಿ ಪಿನ್ನೋ ಪ್ಯಾಡೋ ಬಿಗಿಯಾಗಿದೆ, ಇಲ್ಲಾ ಹ್ಯಾಂಡ್ ಬ್ರೇಕ್ ಕೇಬಲ್ ಪೂರ್ತಿ ಬಿಟ್ಟಿಲ್ಲ, ಪುನಃ ಚಕ್ರ ತೆಗೀಲಿಕ್ಕುಂಟು. ನನಗೆ ಎಡಬದಿ ಹಾಗೆ ಆಯ್ತು, ಬಿಚ್ಚಿ ನೋಡಿದ್ರೆ ಕ್ಯಾಲಿಪರಿನ ಹಿಂದೆ ಕೇಬಲ್ ಎಳೆಯುವ ಪುಟ್ಟ ಕೈ ಉಂಟಲ್ಲ, ಅದು ತುಕ್ಕಿಗೆ ಅರ್ಧದಲ್ಲೇ ನಿಂತಿತ್ತು, ಡಬ್ಲ್ಯೂಡಿ ಹೊಡೆದು ಕೈಯಲ್ಲಿ ಇಪ್ಪತ್ತು ಸಲ ಆಡಿಸಿದ ಮೇಲೆ ತಾನಾಗಿ ವಾಪಸ್ ಬರ್ಲಿಕ್ಕೆ ಶುರು ಆಯ್ತು. ನೂರು ಕಿಲೋಮೀಟರ್ ಆದ ಮೇಲೆ ಚಕ್ರದ ನಟ್ಟುಗಳಿಗೆ ಇನ್ನೊಮ್ಮೆ ಟಾರ್ಕ್ ರೆಂಚ್ ಹಾಕಿ. ಮತ್ತೆ ಮಳೆಗಾಲದಲ್ಲಿ ಸಮತಟ್ಟು ಅಂಗಳದಲ್ಲಿ ನಿಲ್ಸುವಾಗ ಗೇರ್ ಹಾಕಿ ಚಕ್ರಕ್ಕೆ ಒಂದು ಕಟ್ಟಿಗೆ ತುಂಡು ಕೊಡಿ, ಹ್ಯಾಂಡ್ ಬ್ರೇಕ್ ಎಳೆದು ನಾಲ್ಕು ದಿನ ಬಿಟ್ರೆ ಪ್ಯಾಡ್ ಡಿಸ್ಕಿಗೆ ಅಂಟಿ ಹೊರಡುವಾಗ 'ಟಪ್' ಅಂತದೆ. ತೊಳೆದ ದಿನ ಹಾಗೇ ನಿಲ್ಸದೆ ಪೇಟೆಗೊಂದು ಸುತ್ತು ಹೋಗಿ ಬನ್ನಿ, ನಾನಂತೂ ಈಗ ಮೀನು ತರುವ ನೆಪ ಮಾಡ್ತೇನೆ.